ಆರು ಮಿಲಿಮೀಟರ್ ಓರೆ: ನಿಂತುಹೋಗಿದ್ದ ಮಗ್ಗವೊಂದರ ದುರಸ್ತಿಯ ದಾಖಲೆ

ಹನ್ನೊಂದು ವರ್ಷ ನೂಲು ಕಾಣದೆ ನಿಂತಿದ್ದ ಮಗ್ಗವೊಂದು ನನ್ನ ಕೈಗೆ ಬಂದು ಎರಡು ತಿಂಗಳಾಯಿತು. ಎಳೆಗಳನ್ನು ಏರಿಳಿಸುವ ನಾಲ್ಕು ಹೀಲ್ಡು ಚೌಕಟ್ಟುಗಳೂ ಕೆಳಗೆ ಆರು ತುಳಿಹಲಗೆಗಳೂ ಇರುವ ಮರದ ಮಗ್ಗವಿದು. ಎಳೆಗಳನ್ನು ಬಿಡಿಬಿಡಿಯಾಗಿಟ್ಟು ಅಡ್ಡನೂಲನ್ನು ಬಡಿದು ಕೂರಿಸುವ ಬಾಚಣಿಗೆಯಂಥ ಹಣಿಗೆ ಕೂರುವ ತೂಗುಚೌಕಟ್ಟು ಮೇಲಿನಿಂದ ಇಳಿಬಿದ್ದಿದೆ. ಅಡ್ಡನೂಲನ್ನು ಹೊತ್ತೊಯ್ಯುವ ಲಾಳಿಯನ್ನು ಕೈಯಿಂದಲೇ ಎಸೆದು ಕೈಯಿಂದಲೇ ಹಿಡಿಯಬೇಕು. ಹಗ್ಗ ಎಳೆದರೆ ತಾನಾಗಿ ಓಡುವ ಲಾಳಿಗೆ ಜಾನ್ ಕೇ 1733ರಲ್ಲಿ ಪೇಟೆಂಟ್ ಪಡೆದ ಮೇಲೆ ಕೈಚಾಚಿಗಿಂತ ಅಗಲವಾದ ಬಟ್ಟೆಯನ್ನು ಒಬ್ಬರೇ ನೇಯುವುದು ಸಾಧ್ಯವಾಯಿತು. ಆದರೆ ಇಪ್ಪತ್ತು ಇಂಚು ಅಗಲದ ಕೈವಸ್ತ್ರಕ್ಕೆ ಅಂಥ ಏರ್ಪಾಡು ಬೇಕಿಲ್ಲವೆಂದು ಇದನ್ನು ಇದ್ದ ಹಾಗೆಯೇ ಉಳಿಸಿಕೊಂಡೆ. ಇದರ ಮೇಲೆ ಮೂರು ಸಾದಾ ಹತ್ತಿಯ ಕೈವಸ್ತ್ರಗಳನ್ನು ನೇಯುವುದು ನನ್ನ ಉದ್ದೇಶವಾಗಿತ್ತು. ಆ ಮೂರು ವಸ್ತ್ರಗಳು ಮುಗಿಯುವವರೆಗೆ ನಾನು ಬಿಚ್ಚಿದ್ದು, ಕಟ್ಟಿದ್ದು, ಅಳೆದದ್ದು, ತಪ್ಪಾಗಿ ಅಳೆದದ್ದು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮಗ್ಗದ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಹಾಸಿನ, ಎಂದರೆ ಉದ್ದಕ್ಕೆ ಓಡುವ, ಎಳೆಗಳನ್ನೆಲ್ಲ ಒಂದೇ ಬಿಗಿತದಲ್ಲಿ ಹಿಡಿದಿಡಬೇಕು. ಕಾಲಿನ ಒತ್ತಿಗೆ ಅವು ಎರಡು ಪದರವಾಗಿ ಬಿರಿದು ಅಡ್ಡ ಹಾಯುವ ಹೊಕ್ಕಿನ ನೂಲಿಗೆ ಅಡೆತಡೆಯಿಲ್ಲದ ದಾರಿ ಬಿಡಬೇಕು. ಉಳಿದದ್ದೆಲ್ಲ ಈ ಎರಡರ ಸೇವೆಗಾಗಿಯೇ ಇದೆ. ಆದ್ದರಿಂದ ದುರಸ್ತಿಯನ್ನು ಚೌಕಟ್ಟಿನಿಂದ ಆರಂಭಿಸಿದೆ.

ಮಗ್ಗವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಮೇಲಿನಿಂದ ನೋಡಿದಾಗ ಕಾಣುವ ಆಯತದ ಎರಡು ಕರ್ಣಗಳನ್ನು ಟೇಪಿನಿಂದ ಅಳೆದೆ. ಒಂದು ಇನ್ನೊಂದಕ್ಕಿಂತ 14 ಮಿಲಿಮೀಟರ್ ಉದ್ದವಿತ್ತು. ಎಂದರೆ ಮುಂದಿನ ಅಡ್ಡತೊಲೆಯೂ ಹಿಂದಿನ ಅಡ್ಡತೊಲೆಯೂ ಎದುರುಬದುರು ನಿಂತಿರದೆ, ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ಜರುಗಿದ್ದವು. ಕೀಲುಗಳ ಬೆಣೆಗಳನ್ನು ಸಡಿಲಿಸಿ, ಉದ್ದವಿದ್ದ ಕರ್ಣದ ಎರಡು ಮೂಲೆಗಳಿಗೆ ಹಗ್ಗ ಕಟ್ಟಿ, ಹಗ್ಗದ ನಡುವೆ ಕೋಲು ತೂರಿಸಿ ತಿರುಚುತ್ತಾ ಹೋದೆ. ಹಗ್ಗ ಹುರಿಗೊಂಡಂತೆ ಮೂಲೆಗಳು ಒಂದನ್ನೊಂದು ಸೆಳೆದುಕೊಂಡವು. ವ್ಯತ್ಯಾಸ ಒಂದು ಮಿಲಿಮೀಟರಿಗೆ ಇಳಿದಾಗ ಬೆಣೆಗಳನ್ನು ಮರದ ಸುತ್ತಿಗೆಯಿಂದ ಬಡಿದು ಬಿಗಿಮಾಡಿದೆ. ಆಗ ತೂಗುಚೌಕಟ್ಟಿನ ಹಣಿಗೆಯಿಂದ ಮುಂದಿನ ತೊಲೆಗಿರುವ ದೂರವನ್ನೂ ಎರಡೂ ತುದಿಗಳಲ್ಲಿ ಅಳೆದೆ, ಸಮನಾಗಿತ್ತು. ಈ ಅಳತೆಯನ್ನು ನಂಬಿ ಮುಂದೆ ಹೋದದ್ದೇ ಮುಂದಿನ ತೊಡಕಿಗೆ ಮೂಲವಾಯಿತು ಎಂಬುದು ಆಗ ತಿಳಿಯಲಿಲ್ಲ.

ಹಾಸಿನ ಉರುಳೆಯನ್ನು ಹಿಡಿದು ನಿಲ್ಲಿಸುವ ಹಲ್ಲುಗಾಲಿಯೂ ಅದರ ತಡೆಕೊಕ್ಕೆಯೂ ನೋಡಲು ಚೆನ್ನಾಗಿಯೇ ಇದ್ದವು. ಕೈಯಲ್ಲಿ ತಿರುಗಿಸಿದರೆ ಪ್ರತಿ ಹಲ್ಲಿಗೂ ಟಕ್ ಎಂಬ ಸದ್ದು ಬರುತ್ತಿತ್ತು. ಆದರೂ ಉರುಳೆಗೆ ಹಗ್ಗ ಸುತ್ತಿ 20 ಲೀಟರಿನ ನೀರಿನ ಕ್ಯಾನನ್ನು ನೇತುಹಾಕಿ ಗಾಲಿಯನ್ನು ಒಂದೊಂದೇ ಹಲ್ಲು ತಿರುಗಿಸಿ ನೋಡಿದಾಗ ಮೂರು ಹಲ್ಲುಗಳಲ್ಲಿ ಕೊಕ್ಕೆ ಜಾರಿತು. ಕೊಕ್ಕೆಯ ತುದಿ ಸವೆದು ಗುಂಡಗಾಗಿತ್ತು. ಅರದಿಂದ ಅದನ್ನು ಮತ್ತೆ ಚೂಪಾಗಿಸುವಾಗ ತುದಿಯ ಕೆಳಮುಖವನ್ನು ಸ್ವಲ್ಪ ಒಳಸರಿಯುವಂತೆ ಇಳಿಸಿದೆ. ಹಾಗೆ ಮಾಡಿದರೆ ಸೆಳೆತ ಹೆಚ್ಚಿದಷ್ಟೂ ಕೊಕ್ಕೆ ಹಲ್ಲಿನ ಬುಡಕ್ಕೆ ಇಳಿದು ಕೂರುತ್ತದೆ. ನೇರವಾಗಿ ಕತ್ತರಿಸಿದ ತುದಿಯಾದರೆ ಸೆಳೆತವೇ ಅದನ್ನು ಹೊರಗೆ ತಳ್ಳುತ್ತದೆ. ಎಳೆಯೊಂದಕ್ಕೆ 100 ಗ್ರಾಂ ಸೆಳೆತವೆಂದಿಟ್ಟುಕೊಂಡರೂ 400 ಎಳೆಗಳ ಹಾಸು 40 ಕಿಲೋ ಭಾರದಷ್ಟು ಎಳೆಯುತ್ತದೆ. ನೇಯುವಾಗ ಅಷ್ಟು ಭಾರ ಒಮ್ಮೆಗೇ ಜಾರಿದರೆ ಬಟ್ಟೆಯಲ್ಲಿ ಮೂಡುವ ಸಡಿಲು ಪಟ್ಟಿಯನ್ನು ಯಾವ ತೊಳೆತವೂ ಅಳಿಸಲಾರದು.

ಹಣಿಗೆ ಉಕ್ಕಿನದು, ಇಂಚಿಗೆ 10 ಹಲ್ಲು. ಅಲ್ಲಲ್ಲಿ ತುಕ್ಕು ಹಿಡಿದಿತ್ತು. ತುಕ್ಕು ಬಿಳಿ ನೂಲಿಗೆ ಕಲೆ ಹತ್ತಿಸುವುದರ ಜೊತೆಗೆ ಎಳೆಯನ್ನು ಉಜ್ಜಿ ಉಜ್ಜಿ ಕತ್ತರಿಸುತ್ತದೆ. ನೀರು ಮುಟ್ಟಿಸದೆ, ಬಹಳ ನಯವಾದ ಉಕ್ಕಿನ ನಾರಿನಿಂದ ಹಲ್ಲುಗಳ ಉದ್ದಕ್ಕೇ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಅದು ಬಟ್ಟೆಗೆ ಹತ್ತದಷ್ಟಾಗುವವರೆಗೆ ಒರೆಸಿದೆ. ಬಾಗಿದ್ದ ಎರಡು ಹಲ್ಲುಗಳನ್ನು ತೆಳು ಇಕ್ಕಳದಿಂದ ನೆಟ್ಟಗೆ ಮಾಡಿದೆ.

ಹೀಲ್ಡುಗಳು ಮಾತ್ರ ಉಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹೀಲ್ಡು ಎಂದರೆ ನಡುವೆ ಕಣ್ಣಿರುವ, ಚೌಕಟ್ಟಿನ ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ತೊಡಿಸಿದ ದಾರ. ಹಾಸಿನ ಪ್ರತಿ ಎಳೆಯೂ ಅಂಥ ಒಂದು ಕಣ್ಣಿನೊಳಗೆ ಹಾದು ಬರುತ್ತದೆ, ಆ ಚೌಕಟ್ಟು ಎದ್ದರೆ ಎಳೆ ಏಳುತ್ತದೆ, ಇಳಿದರೆ ಇಳಿಯುತ್ತದೆ. ಹಳೆಯ ದಾರಗಳು ಬೆರಳಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಹೊಸದಾಗಿ 400 ಹೀಲ್ಡು ಕಟ್ಟಬೇಕಾಯಿತು. ಒಂದು ಹಲಗೆಯ ಮೇಲೆ ಒಂದೇ ಗೆರೆಯಲ್ಲಿ ನಾಲ್ಕು ಮೊಳೆಗಳನ್ನು ಹೊಡೆದೆ: ಮೊದಲ ಮೊಳೆಯಿಂದ ಕೊನೆಯದಕ್ಕೆ 26 ಸೆಂಟಿಮೀಟರ್, ನಡುವಿನ ಎರಡು ಮೊಳೆಗಳ ಅಂತರ 12 ಮಿಲಿಮೀಟರ್. ದಾರವನ್ನು ಮೇಲಿನ ಮೊಳೆಗೆ ಮಡಿಸಿ ಹಾಕಿ, ಎರಡೂ ಎಳೆಗಳನ್ನು ಕೆಳಗಿಳಿಸಿ, ಕಣ್ಣಿನ ಮೊಳೆಗಳ ಮೇಲೊಂದು ಗಂಟು, ಕೆಳಗೊಂದು ಗಂಟು, ಕೊನೆಯ ಮೊಳೆಯಲ್ಲಿ ಇನ್ನೊಂದು. ಹೀಗೆ ಮೂರು ಗಂಟಿಗೆ ಒಂದು ಹೀಲ್ಡು.

ಮೊದಲ ಮೂವತ್ತನ್ನು ಕಟ್ಟಿ ಪಕ್ಕಪಕ್ಕದಲ್ಲಿ ಇಟ್ಟಾಗ ಅಚ್ಚಿನಲ್ಲಿ ತೆಗೆದಂತೆ ಒಂದೇ ಸಮ ಕಂಡವು. ಚೌಕಟ್ಟಿಗೆ ಏರಿಸಿ, ಅವುಗಳ ಕಣ್ಣಿನಲ್ಲಿ ನೂಲು ತೂರಿಸಿ ಎಳೆದು ನೋಡಿದರೆ ಕಣ್ಣುಗಳು ಒಂದು ಮೇಲೆ, ಒಂದು ಕೆಳಗೆ. ಸೆಳೆತ ಬಿದ್ದಾಗ ಪ್ರತಿ ಗಂಟೂ ತನ್ನಷ್ಟಕ್ಕೆ ಇಳಿದು ಬಿಗಿಯಾಗಿತ್ತು, ಒಂದು ಒಂದು ಮಿಲಿಮೀಟರ್, ಇನ್ನೊಂದು ಮೂರು. ಕಣ್ಣು ಮೂರು ಮಿಲಿಮೀಟರ್ ತಗ್ಗಿದ್ದ ಎಳೆ, ಬಾಯಿ ತೆರೆದಾಗ ಮೇಲಿನ ಪದರದ ಜೊತೆ ಪೂರ್ತಿ ಏಳದೆ ನಡುವೆ ತೂಗುತ್ತದೆ. ಲಾಳಿ ಅದರ ಕೆಳಗೆ ಹೋಗಬೇಕಾದದ್ದು ಮೇಲೆ ಹೋಗಿಬಿಡುತ್ತದೆ. ಮೂವತ್ತನ್ನೂ ಕತ್ತರಿಸಿ ಎಸೆದೆ. ನಂತರ ಕಟ್ಟಿದವುಗಳಲ್ಲಿ ಪ್ರತಿ ಗಂಟನ್ನೂ ಮೊಳೆಗೆ ಒತ್ತಿ ಎರಡೂ ಕೈಯಿಂದ ಜಗ್ಗಿ ಕೂರಿಸಿದ ಮೇಲೆಯೇ ಮುಂದಿನ ಗಂಟಿಗೆ ಹೋದೆ. ಇಪ್ಪತ್ತಿಪ್ಪತ್ತರ ಕಟ್ಟು ಮಾಡಿ ಒಂದು ರಾತ್ರಿ ಭಾರ ಕಟ್ಟಿ ನೇತುಹಾಕಿದೆ. ಆರು ಸಂಜೆಗಳ ಕೆಲಸವಾಯಿತು, ಆದರೆ ಮುಂದೆ ಈ ಹೀಲ್ಡುಗಳಿಂದ ಒಂದೇ ಒಂದು ತೊಂದರೆಯೂ ಬರಲಿಲ್ಲ.

ಇನ್ನು ನೂಲಿನ ಲೆಕ್ಕ. ಆರಿಸಿಕೊಂಡದ್ದು 8ನೇ ನಂಬರಿನ ಎರಡೆಳೆ ಹುರಿ ಹತ್ತಿನೂಲು. ಹತ್ತಿನೂಲಿನ ನಂಬರೆಂದರೆ, ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಹಿಡಿಯುತ್ತವೆ ಎಂಬ ಎಣಿಕೆ. 8ನೇ ನಂಬರಿನ ಒಂಟಿ ಎಳೆ ಪೌಂಡಿಗೆ 6,720 ಗಜ. ಎರಡನ್ನು ಸೇರಿಸಿ ಹುರಿ ಮಾಡಿದರೆ ಅದರ ಅರ್ಧ, 3,360 ಗಜ. ಕಿಲೋಗೆ ಸುಮಾರು 6,770 ಮೀಟರ್. ಇಂಚಿಗೆ ಎಷ್ಟು ಎಳೆ ಹಾಕಬೇಕೆಂದು ತಿಳಿಯಲು ನೂಲನ್ನು ಅಳತೆಪಟ್ಟಿಯ ಮೇಲೆ ಒತ್ತೊತ್ತಾಗಿ ಸುತ್ತಿದೆ. ಒಂದು ಇಂಚಿನಲ್ಲಿ 40 ಸುತ್ತು ಬಂದವು. ಸಾದಾ ನೇಯ್ಗೆಯಲ್ಲಿ ಪ್ರತಿ ಹಾಸಿನ ಎಳೆಯ ಪಕ್ಕದಲ್ಲೂ ಹೊಕ್ಕಿನ ನೂಲು ಮೇಲಿಂದ ಕೆಳಕ್ಕೆ ಇಳಿಯಲು ಅಷ್ಟೇ ಜಾಗ ಬೇಕಾದ್ದರಿಂದ ಅದರ ಅರ್ಧ, 20 ಎಳೆ. ಹಣಿಗೆಯ ಹಲ್ಲುಸಂದಿಗೆ ಎರಡೆರಡು ಎಳೆಯಂತೆ 20 ಇಂಚಿಗೆ 400 ಎಳೆ. ಮೂರು ವಸ್ತ್ರಗಳ ಉದ್ದ, ಎಳೆ ಏರಿಳಿಯುವುದರಲ್ಲಿ ಕಳೆಯುವ ಹತ್ತನೇ ಒಂದು ಪಾಲು, ಮಗ್ಗದ ಹಿಂದೆಮುಂದೆ ನೇಯಲಾಗದೆ ಉಳಿಯುವ ಮುಕ್ಕಾಲು ಮೀಟರ್ ಎಲ್ಲ ಸೇರಿ ಮೂರೂವರೆ ಮೀಟರ್ ಹಾಸು. ಒಟ್ಟು 1,400 ಮೀಟರ್ ನೂಲು, 210 ಗ್ರಾಂನಷ್ಟು.

ಗೂಟಗಳ ಹಲಗೆಯ ಮೇಲೆ ಹಾಸನ್ನು ಸುತ್ತುವಾಗ ಒಂದು ತುದಿಯಲ್ಲಿ ಎಳೆಗಳನ್ನು ಎರಡು ಗೂಟಗಳ ನಡುವೆ ಕತ್ತರಿ ಆಕಾರದಲ್ಲಿ ದಾಟಿಸಬೇಕು: ಹೋಗುವ ಎಳೆ ಒಂದು ಗೂಟದ ಮೇಲೆ, ಮರಳುವ ಎಳೆ ಅದರ ಕೆಳಗೆ. 400 ಎಳೆಗಳ ಸರದಿಯನ್ನು ಕಾಯುವುದು ಆ ಒಂದು ಕತ್ತರಿಯೇ. ಅದನ್ನು ನಾಲ್ಕೂ ಕಡೆ ಬಣ್ಣದ ದಾರದಿಂದ ಕಟ್ಟಿಯೇ ಹಲಗೆಯಿಂದ ಬಿಡಿಸಿದೆ. ಉರುಳೆಗೆ ಸುತ್ತುವಾಗ ಪ್ರತಿ ಸುತ್ತಿಗೂ ದಪ್ಪ ಕಾಗದ ಹಾಸುತ್ತಾ ಹೋದೆ. ಇಲ್ಲದಿದ್ದರೆ ಮೇಲಿನ ಸುತ್ತಿನ ಎಳೆಗಳು ಕೆಳಗಿನ ಸುತ್ತಿನೊಳಗೆ ಹೂತುಕೊಂಡು, ಅಂಚಿನವು ಜಾರಿ ಕೆಳಗಿಳಿದು, ಒಂದೇ ಉರುಳೆಯ ಮೇಲೆ ಎಳೆಗಳ ಉದ್ದ ಬೇರೆಬೇರೆಯಾಗುತ್ತದೆ.

ಹೀಲ್ಡಿಗೆ ಎಳೆ ತೂರಿಸುವುದು ಒಂದು, ಎರಡು, ಮೂರು, ನಾಲ್ಕು ಎಂದು ನೇರ ಸರದಿಯಲ್ಲಿ. ಹಣಿಗೆಗೆ ತೂರಿಸಿದ ಮೇಲೆ ಇಂಚಿಗೊಂದರಂತೆ ಇಪ್ಪತ್ತು ಗೊಂಚಲುಗಳನ್ನು ಮುಂದಿನ ಕೋಲಿಗೆ ಜಾರುಗಂಟಿನಿಂದ ಕಟ್ಟಿದೆ. ನಡುವಿನಿಂದ ಅಂಚುಗಳ ಕಡೆಗೆ ಎರಡು ಬಾರಿ ಬಿಗಿದು, ಕಣ್ಣುಮುಚ್ಚಿ ಅಂಗೈಯನ್ನು ಹಾಸಿನ ಮೇಲೆ ಸರಿಸಿದೆ. ಸಡಿಲಾದ ಗೊಂಚಲು ಕಣ್ಣಿಗೆ ಕಾಣುವ ಮೊದಲೇ ಅಂಗೈಗೆ ತಿಳಿಯುತ್ತದೆ.

ಲಾಳಿಯೊಳಗೆ ಕೂರುವ ಸಣ್ಣ ಕೊಳವೆಯಾದ ಕಂಡಿಕೆಗೆ ನೂಲು ಸುತ್ತಿ, ಲಾಳಿಗೆ ಹಾಕಿ, ಮೊದಲ ಹತ್ತು ಸಾಲು ನೇಯ್ದ ಕೂಡಲೇ ನಡುವೆ ಒಂದು ಗೆರೆ ಕಂಡಿತು. ಮೂರು ಎಳೆಗಳು ಒಂದಾಗಿ ಏಳುತ್ತಿದ್ದವು. ಎರಡನೇ ಚೌಕಟ್ಟಿಗೆ ಹೋಗಬೇಕಾದ ಎಳೆಯೊಂದನ್ನು ಮೂರನೆಯದಕ್ಕೆ ತೂರಿಸಿದ್ದರಿಂದ ಒಂದು, ಮೂರು, ಮೂರು ಎಂದು ಬೆಸಸಂಖ್ಯೆಯವೇ ಸಾಲಾಗಿ ನಿಂತಿದ್ದವು. ಇದಕ್ಕಾಗಿ ಹಾಸನ್ನೆಲ್ಲ ಬಿಚ್ಚಬೇಕಿಲ್ಲ. ಆ ಎಳೆಯನ್ನು ಹಣಿಗೆಯಿಂದಲೂ ತಪ್ಪು ಕಣ್ಣಿನಿಂದಲೂ ಹಿಂದಕ್ಕೆ ಎಳೆದು, ಎರಡನೇ ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಪಟ್ಟಿಗಳಿಗೆ ಸರಿಯಾದ ಜಾಗದಲ್ಲಿ ಹೊಸ ಹೀಲ್ಡೊಂದನ್ನು ಅಲ್ಲೇ ಕಟ್ಟಿದೆ. ಪಕ್ಕದ ಕಣ್ಣಿನ ಎತ್ತರಕ್ಕೆ ಸರಿಹೊಂದಿಸಿ ಗಂಟುಗಳನ್ನು ಜಗ್ಗಿ, ಎಳೆಯನ್ನು ಅದರಲ್ಲಿ ತೂರಿಸಿ ಅದೇ ಹಲ್ಲುಸಂದಿಯಿಂದ ಮುಂದೆ ತಂದು ಅದರ ಗೊಂಚಲಿಗೆ ಸೇರಿಸಿ ಕಟ್ಟಿದೆ. ಮೂರನೇ ಚೌಕಟ್ಟಿನಲ್ಲಿ ಖಾಲಿ ಉಳಿದ ಹೀಲ್ಡು ಯಾರಿಗೂ ತೊಂದರೆ ಕೊಡದೆ ಅಲ್ಲೇ ಇದೆ.

ಆಮೇಲೆ ನೇಯ್ಗೆ ಸಾಗಿತು. ಹೊಕ್ಕಿನ ನೂಲನ್ನು ಅಂಚಿನಿಂದ ಓರೆಯಾಗಿ ಮೇಲೇರಿಸಿ ಬಿಟ್ಟು ಬಡಿದರೆ, ಎಳೆಗಳ ಮೇಲೆಕೆಳಗೆ ಸುತ್ತಿ ಬರಲು ಅದಕ್ಕೆ ಬೇಕಾದ ಹೆಚ್ಚುವರಿ ಉದ್ದ ಸಿಗುತ್ತದೆ. ನೆಟ್ಟಗೆ ಎಳೆದರೆ ಬಟ್ಟೆ ಒಳಕ್ಕೆ ಸೆಳೆದುಕೊಂಡು ಅಂಚಿನ ಎಳೆಗಳು ಹಣಿಗೆಗೆ ಉಜ್ಜಿ ತುಂಡಾಗುತ್ತವೆ. ಬಲದ ಅಂಚಿನ ಒಂದು ಎಳೆ ಹಾಗೆಯೇ ತುಂಡಾಯಿತು. ಹೊಸ ನೂಲನ್ನು ಹಿಂದಿನಿಂದ ಅದೇ ಕಣ್ಣು, ಅದೇ ಸಂದಿಯಲ್ಲಿ ತಂದು, ನೇಯ್ದ ಬಟ್ಟೆಯಲ್ಲಿ ಗುಂಡುಸೂಜಿ ಚುಚ್ಚಿ ಅದಕ್ಕೆ ಎಂಟರ ಆಕಾರದಲ್ಲಿ ಸುತ್ತಿ ಮುಂದುವರಿದೆ.

ಮೊದಲ ವಸ್ತ್ರದ ಕೊನೆಯಲ್ಲಿ ನೀಲಿ ನೂಲಿನ ಎಂಟು ಸಾಲಿನ ಪಟ್ಟಿ ಹಾಕಿದೆ. ಬಿಳಿಯಲ್ಲಿ ಅಷ್ಟುಹೊತ್ತು ಅಡಗಿದ್ದದ್ದು ನೀಲಿಯಲ್ಲಿ ಎದ್ದು ಕಂಡಿತು: ಪಟ್ಟಿ ಓರೆಯಾಗಿತ್ತು. ಎಡದ ತುದಿ ಬಲಕ್ಕಿಂತ 6 ಮಿಲಿಮೀಟರ್ ನನ್ನ ಕಡೆಗಿತ್ತು.

ಮೊದಲ ಅನುಮಾನ ಕೈಯ ಮೇಲೆ. ತೂಗುಚೌಕಟ್ಟನ್ನು ನಡುವಿಗೆ ಸರಿಯಾಗಿ ಹಿಡಿಯದಿದ್ದರೆ ಪೆಟ್ಟು ಒಂದು ಕಡೆಗೆ ಹೆಚ್ಚು ಬೀಳಬಹುದು. ಹಲಗೆಯ ನಡುವೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲೇ ಹಿಡಿದು ಇಪ್ಪತ್ತು ಸಾಲು ನೇಯ್ದೆ. ಎಡಗೈಯಲ್ಲಿ ಇಪ್ಪತ್ತು, ಬಲಗೈಯಲ್ಲಿ ಇಪ್ಪತ್ತು. ಓರೆ ಬದಲಾಗಲಿಲ್ಲ. ಎರಡನೇ ಅನುಮಾನ ಚೌಕಟ್ಟಿನ ಮೇಲೆ. ಹಾಸು ಬಿಗಿಯಾಗಿರುವಾಗಲೇ ಕರ್ಣಗಳನ್ನು ಮತ್ತೆ ಅಳೆದೆ. ವ್ಯತ್ಯಾಸ ಒಂದೇ ಮಿಲಿಮೀಟರ್, ಬೆಣೆಗಳು ಅಲುಗಿರಲಿಲ್ಲ. ಹಣಿಗೆಯಿಂದ ಮುಂದಿನ ತೊಲೆಗೆ ಅಳೆದರೆ ಮೊದಲಿನಂತೆಯೇ ಎರಡೂ ಕಡೆ ಸಮ. ಇಡೀ ಒಂದು ಸಂಜೆ ಮಗ್ಗದ ಮುಂದೆ ಕುಳಿತು ಆ ನೀಲಿ ಪಟ್ಟಿಯನ್ನೇ ನೋಡಿದೆ.

ಮರುದಿನ ಹೊಳೆದದ್ದು ಇಷ್ಟು: ನಾನು ಅಳೆದದ್ದೆಲ್ಲ ತೂಗುಚೌಕಟ್ಟು ಸುಮ್ಮನೆ ನೇತಾಡುತ್ತಿರುವಾಗ. ಬಟ್ಟೆಯ ಮೇಲೆ ಗೆರೆ ಬೀಳುವುದು ಅದನ್ನು ಮುಂದಕ್ಕೆ ಎಳೆದು ಬಡಿಯುವಾಗ. ಕ್ಯಾನು ನೇತುಹಾಕಿದ ಮೇಲೆಯೇ ಕೊಕ್ಕೆ ಜಾರಿದ್ದನ್ನೂ, ಸೆಳೆತ ಬಿದ್ದ ಮೇಲೆಯೇ ಹೀಲ್ಡಿನ ಗಂಟು ಇಳಿದದ್ದನ್ನೂ ಕಂಡಿದ್ದವನಿಗೆ ಇದು ಮೊದಲ ದಿನವೇ ಹೊಳೆಯಬೇಕಿತ್ತು. ಹಣಿಗೆಯನ್ನು ನೇಯ್ದ ಗೆರೆಗೆ ಒತ್ತಿ, ಬಡಿಯುವಷ್ಟೇ ಬಲದಲ್ಲಿ ಒಂದು ಕೈಯಿಂದ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅಳತೆಪಟ್ಟಿ ಇಟ್ಟೆ. ಬಲದಲ್ಲಿ 142 ಮಿಲಿಮೀಟರ್, ಎಡದಲ್ಲಿ 136. ತಲೆಯೆತ್ತಿ ನೋಡಿದರೆ ತೂಗುಚೌಕಟ್ಟಿನ ಎಡತೋಳಿನ ಮೇಲ್ತುದಿ ತನ್ನ ಕಬ್ಬಿಣದ ಗೂಟದ ಮೇಲೆ ಮುಂದಕ್ಕೆ ಜರುಗಿ ನಿಂತಿತ್ತು. ಕೈಬಿಟ್ಟ ಕೂಡಲೇ ಸದ್ದಿಲ್ಲದೆ ಹಿಂದಿನ ಜಾಗಕ್ಕೆ ಸರಿದು ಕುಳಿತಿತು.

ತೂಗುಚೌಕಟ್ಟನ್ನು ಇಳಿಸಲು ಹಾಸನ್ನು ಕತ್ತರಿಸಬೇಕಿಲ್ಲ. ಬಿಗಿತವನ್ನು ಸಡಿಲಿಸಿ, ಹಣಿಗೆಯ ಮೇಲಿನ ಪಟ್ಟಿ ತೆಗೆದು, ಹಣಿಗೆಯನ್ನು ಹಾಸಿನಲ್ಲೇ ಬಿಟ್ಟು, ಅದು ವಾಲದಂತೆ ಎರಡೂ ತುದಿಗೆ ದಾರ ಕಟ್ಟಿ ಮೇಲಿನ ತೊಲೆಗೆ ತೂಗುಹಾಕಿದೆ. ತೋಳುಗಳನ್ನು ಬೆಳಕಿಗೆ ಹಿಡಿದಾಗ ಎಲ್ಲವೂ ಕಣ್ಣೆದುರಿಗೇ ಇತ್ತು. 12 ಮಿಲಿಮೀಟರ್ ಗೂಟ ಕೂರುವ ರಂಧ್ರ ಬಲದಲ್ಲಿ ಹೆಚ್ಚುಕಡಿಮೆ ದುಂಡಗಿತ್ತು. ಎಡದಲ್ಲಿ ಮುಂದೆಹಿಂದೆ ಸವೆದು 18 ಮಿಲಿಮೀಟರ್ ಉದ್ದದ ಮೊಟ್ಟೆಯಾಕಾರಕ್ಕೆ ತಿರುಗಿ, ಒಳಗೋಡೆ ಗಾಜಿನಂತೆ ಹೊಳೆಯುತ್ತಿತ್ತು. ಅಷ್ಟು ಸವೆಯಲು ಎಷ್ಟು ಸಾವಿರ ಪೆಟ್ಟುಗಳು ಬೇಕಾಗಿದ್ದಿರಬೇಕು! ಈ ಮಗ್ಗದ ಹಿಂದಿನ ನೇಕಾರರು ಆ ಓರೆಯನ್ನು ಕೈಯಲ್ಲೇ ಸರಿದೂಗಿಸಿಕೊಂಡು ನೇಯುತ್ತಿದ್ದಿರಬಹುದು ಎಂದು ನನಗೆ ಅನಿಸಿತು.

ಎರಡೂ ತೋಳುಗಳ ರಂಧ್ರಗಳನ್ನು 25 ಮಿಲಿಮೀಟರಿಗೆ ದುಂಡಗೆ ಕೊರೆದು, ಗಟ್ಟಿಮರದ ಬಿರಡೆಗಳನ್ನು ಅಂಟು ಹಚ್ಚಿ ಬಡಿದು ಕೂರಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಎಡತೋಳು ಒಂದನ್ನೇ ಸರಿಮಾಡಿದರೆ ಹೊಸ ರಂಧ್ರ ಹಳೆಯದಕ್ಕಿಂತ ಕೂದಲೆಳೆಯಷ್ಟು ಮೇಲೆಕೆಳಗಾಗಬಹುದೆಂಬ ಕಾರಣಕ್ಕೆ ಬಲವನ್ನೂ ಸೇರಿಸಿಕೊಂಡೆ. ನಂತರ ಎರಡು ತೋಳುಗಳನ್ನೂ ಒಂದರ ಮೇಲೊಂದಿಟ್ಟು, ಕೆಳತುದಿಗಳು ಸರಿಸಮ ಕೂಡುವಂತೆ ಕ್ಲಾಂಪಿನಲ್ಲಿ ಬಿಗಿದು, ಒಂದೇ ಸಲಕ್ಕೆ ಎರಡರಲ್ಲೂ 12 ಮಿಲಿಮೀಟರ್ ರಂಧ್ರ ಕೊರೆದೆ. ಒಳಗೋಡೆಗೆ ಜೇನುಮೇಣ ಉಜ್ಜಿ, ತೂಗುಚೌಕಟ್ಟನ್ನು ಏರಿಸಿ, ಹಣಿಗೆಯನ್ನು ಅದರ ಜಾಗಕ್ಕೆ ಸೇರಿಸಿದೆ. ಈ ಸಾರಿ ಅಳೆದದ್ದು ಒತ್ತಿ ಹಿಡಿದೇ: ಬಲ 141, ಎಡ 141.

ಎರಡನೇ ವಸ್ತ್ರವನ್ನು ಆರಂಭಿಸುವ ಮೊದಲು ಓರೆಯಾಗಿದ್ದ ಗೆರೆಯನ್ನು ನೇರಕ್ಕೆ ತರಲು ಎಡಬದಿಯಲ್ಲಿ ಅರ್ಧ ಅಗಲದ ಸಾಲುಗಳನ್ನು ತುಂಬುವ ಯೋಚನೆ ಬಂದಿತು. ಹಾಗೆ ಮಾಡಿದರೆ ಆ ಜಾಗ ಒಗೆದ ಮೇಲೂ ಉಬ್ಬಿಕೊಂಡೇ ಇರುತ್ತದೆ. ಅದರ ಬದಲು ನಾಲ್ಕು ಬೆರಳಗಲ ಹಾಸನ್ನು ನೇಯದೆ ಬಿಟ್ಟು, ಅಗಲದುದ್ದಕ್ಕೂ ಒಂದು ತೆಳು ಪಟ್ಟಿಯನ್ನು ಹಾಕಿ, ಅದಕ್ಕೆ ಒತ್ತಿ ಹೊಸ ಗೆರೆಯನ್ನು ಹಿಡಿದೆ. ಉಳಿದೆರಡು ವಸ್ತ್ರಗಳು ನಾಲ್ಕು ದಿನಗಳಲ್ಲಿ ಮುಗಿದವು. ಇಂಚಿಗೆ 20 ಸಾಲು ಬರಬೇಕಾದಲ್ಲಿ ನನ್ನ ಕೈಗೆ 18 ಬಂದವು, ಕೆಲವೆಡೆ 17. ಪೆಟ್ಟಿನ ಲಯ ಇನ್ನೂ ಕೂಡಿಬರಬೇಕು.

ಕತ್ತರಿಸಿ ತೆಗೆದು, ಅಂಚು ಮಡಿಸಿ ಹೊಲಿದು, ಬಿಸಿನೀರಿನಲ್ಲಿ ಒಗೆದು ಒಣಗಿಸಿದಾಗ ಹಣಿಗೆಯಲ್ಲಿ 20 ಇಂಚಿದ್ದ ಅಗಲ ಹದಿನೇಳೂವರೆಗೆ ನಿಂತಿತು. ಮಗ್ಗದ ಮೇಲೆ ಜಾಳುಜಾಳಾಗಿ ಕಾಣುತ್ತಿದ್ದ ಎಳೆಗಳು ನೀರು ಕುಡಿದು ಉಬ್ಬಿ ಒಂದನ್ನೊಂದು ಹಿಡಿದುಕೊಂಡವು. ಮೂರನೇ ವಸ್ತ್ರದಲ್ಲೂ ಅದೇ ನೀಲಿ ಪಟ್ಟಿ ಹಾಕಿದ್ದೆ. ಅದನ್ನು ಮೊದಲನೆಯದರ ಪಕ್ಕದಲ್ಲಿ ಹಾಸಿ, ಎರಡಕ್ಕೂ ಮೂಲೆಮಟ್ಟ ಇಟ್ಟು ನೋಡಿದೆ. ಮೊದಲನೆಯದು ಒಗೆದ ಮೇಲೂ 5 ಮಿಲಿಮೀಟರ್ ಓರೆ. ಮೂರನೆಯದರ ಪಟ್ಟಿ ಮಟ್ಟದ ಅಂಚಿಗೆ ಈ ತುದಿಯಿಂದ ಆ ತುದಿಯವರೆಗೆ ಅಂಟಿಕೊಂಡಿತ್ತು. ಹಾಸಿನ ಉರುಳೆಯ ಮೇಲೆ ಇನ್ನೂ ಎರಡು ಗೇಣು ಉಳಿದಿದೆ. ತುಳಿಹಲಗೆಗಳ ಕಟ್ಟು ಬದಲಿಸಿ ಓರೆಗೆರೆಯ ನೇಯ್ಗೆಯ ಒಂದು ಮಾದರಿಯನ್ನು ಅದರಲ್ಲಿ ನೇಯಲಿದ್ದೇನೆ.